ಕೂಗಲು ಕಲಿತ ಹುಡುಗಿ

"ಸುಮ್ಮನೆ ಬಿದ್ದಿರ್ತಿದ್ದ ಮಗೂಗೆ ಕೂಗೋದು ಕಲಿಸಿದೋರು ನೀವೇ ತಾನೆ? ಈಗ ನೀವೇ ಅದರ ಬಾಯಿ ಮುಚ್ಚಿಸಿ!"

ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಮೆಟ್ಟಿಲ ಮೇಲೆ ಆಟಿಕೆಗಳ ಚೀಲ ಹೆಗಲಿಗೆ ಹಾಕಿಕೊಂಡು ನಿಂತವಳು ವಿಶ್ವವಿದ್ಯಾಲಯದ ಕೇಂದ್ರದಿಂದ ಮನೆಮನೆಗೆ ಬಂದು ಅಂಗವಿಕಲ ಮಕ್ಕಳಿಗೆ ಕಲಿಸುವ ಟೀಚರ್. ಆ ಚೀಲದಿಂದಾಗಿ ಎಲ್ಲರ ಬಾಯಲ್ಲೂ ಅವಳು ಚೀಲದ ಟೀಚರ್.

"ಅವಳು ಅಮ್ಮನ್ನ ಕರೀತಾಳೆ. ಅದಕ್ಕೆ ಕೂಗೋದು ಅಂತೀರಾ?"

"ನಿಮ್ಮ ವಿಶ್ವವಿದ್ಯಾಲಯದಲ್ಲಿ ಏನಂತಾರೋ ನನಗೆ ಗೊತ್ತಿಲ್ಲ. ಭಾನುವಾರ ನನ್ನ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ. ಒಳಗಿಂದ 'ಮ್ಮಾ' ಅಂತ ಕೇಳಿಸಿದ್ರೆ ಏನು ಹೇಳ್ಲಿ? ಬೆಕ್ಕು ಸಾಕಿದ್ದೀವಿ ಅನ್ಲಾ?"

"ಮೊಮ್ಮಗಳು ಅನ್ನಿ."

"ಅಂದಿದ್ದೆ ಕಣಮ್ಮಾ, ಅಂದಿದ್ದೆ! ಎರಡು ಸಂಬಂಧದೋರು ಇವಳ ಮುಖ ನೋಡಿ ಚಹಾದ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋದ್ರು. 'ವಂಶದಲ್ಲೇ ಇದೆಯೇನೋ' ಅಂದ್ರು. ನನ್ನ ಮಗಳಿಗೂ ವಯಸ್ಸಾಗ್ತಿದೆ. ಅವಳೂ ಹೆಣ್ಣಲ್ವಾ?"

"ವಂಶದ ಮಾತೇ ಅಲ್ಲ ಇದು. ಹೆರಿಗೆ ಹೊತ್ತಲ್ಲಿ ಮಗು ಉಸಿರಾಡೋದು ತಡ ಆಯ್ತು, ಮೆದುಳಿಗೆ ಪೆಟ್ಟು ಬಿತ್ತು. ನಮ್ಮ ದೊಡ್ಡ ಮೇಡಂ ಬಂದು ಅವರಿಗೇ ಬಿಡಿಸಿ ಹೇಳ್ತಾರೆ."

"ಅವರು ಹೆಣ್ಣು ನೋಡೋಕೆ ಬರ್ತಾರೆ ತಾಯೀ, ಶಾಲೆ ಸೇರೋಕಲ್ಲ!"

ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಚೀಲದ ಟೀಚರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಾಗಿಲು ಬಡಿಯಲು ಕೈ ಎತ್ತಿದ್ದಳು, ಆದರೆ ಒಳಗಿಂದ ಆ ಸ್ವರ ಕೇಳಿತು: "ಮ್ಮಾ... ಮ್ಮಾ." ಕೈ ಇಳಿಯಿತು. ಕುತ್ತಿಗೆ ನಿಲ್ಲದ, ಕೈಗಳು ಮಾತು ಕೇಳದ ಆ ಚಿಣ್ಣಿಯ ಬಾಯಿಂದ ಈ ಒಂದು ಸ್ವರ ಹೊರಡಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕನ್ನಡಿಯ ಮುಂದೆ ಕೂರಿಸಿ ತುಟಿ ಮುಚ್ಚಿ ತೆರೆಯುವುದನ್ನು ತೋರಿಸಿದ್ದಳು. ಕೆನ್ನೆ ನೀವಿದ್ದಳು. ಚಿಣ್ಣಿ ಮೊದಲ ಸಲ ಕರೆದ ದಿನ ತಾಯಿ ಅಳುವುದೋ ನಗುವುದೋ ತಿಳಿಯದೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಬೀದಿಯ ತಿರುವಿನಲ್ಲಿ ಆ ತಾಯಿಯೇ ಓಡಿ ಬಂದು ಕೈ ಹಿಡಿದಳು.

"ಟೀಚರ್, ಭಾನುವಾರ ಒಂದು ದಿನ ಅವಳನ್ನ ನಿಮ್ಮ ಮನೇಲಿ ಇಟ್ಕೊಳ್ತೀರಾ? ಅವರು ಮಗೂಗೆ ನಿದ್ದೆ ಔಷಧಿ ಕುಡಿಸೋ ಮಾತಾಡ್ತಿದ್ದಾರೆ. ನನ್ನ ನಾದಿನಿ ಔಷಧಿ ಅಂಗಡೀಲೇ ಕೆಲಸ ಮಾಡೋದು, ತರೋಕೆ ಏನು ಕಷ್ಟ?"

"ನಿಮ್ಮ ಯಜಮಾನ್ರು ಏನಂತಾರೆ?"

"ಅವರು ಏನಂತಾರೆ? ಅಮ್ಮ ಹೇಳಿದ್ದಕ್ಕೆ ಹೂಂ ಅಂತಾರೆ."

"ಕೇಂದ್ರದಲ್ಲಿ ಕೇಳಿ ಹೇಳ್ತೀನಿ."

ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದಿನ ಎರಡು ಹಳೆಯ ಕೋಣೆಗಳೇ ಕೇಂದ್ರ. ಒಂದರಲ್ಲಿ ಚಾಪೆ, ನೆಲಕ್ಕೆ ತಾಗಿಸಿಟ್ಟ ಕನ್ನಡಿ. ಇನ್ನೊಂದರಲ್ಲಿ ಅಂಟಿನ ವಾಸನೆ; ಅಲ್ಲಿ ಒಬ್ಬ ಬಡಗಿ ಮಕ್ಕಳ ಬೆನ್ನಿನ ಅಳತೆಗೆ ಕುರ್ಚಿ ಮಾಡುತ್ತಾನೆ. ಇಲ್ಲಿಯವರು ಹಗುರ ಜನ ಅಲ್ಲ. ಶಾಲೆಯವರು ಬೇಡವೆಂದ ಮಕ್ಕಳನ್ನು ಕೈ ಹಿಡಿದು ಶಾಲೆಗೆ ಸೇರಿಸಿದವರು, ಮುಖ್ಯೋಪಾಧ್ಯಾಯರ ಬಾಗಿಲಲ್ಲಿ ದಿನಗಟ್ಟಲೆ ಕೂತವರು. ಅವರಿಗೆ ಒಂದು ನಂಬಿಕೆ ಇತ್ತು: ಮನೆಯವರ ಮನಸ್ಸು ಒಡೆಯಬಾರದು, ಮನೆ ಒಲಿದರೆ ಮಗು ಗೆದ್ದ ಹಾಗೆ.

ಅದಕ್ಕೇ, ತಾಯಿಯ ಬೇಡಿಕೆ ಕೇಳಿ, ಕೇಂದ್ರದ ಮುಖ್ಯಸ್ಥೆ ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಗುವನ್ನ ನಮ್ಮ ಮನೆಗೆ ಒಯ್ಯೋ ಹಾಗಿಲ್ಲ. ಅದು ನಿಯಮ, ನಿಮಗೆ ಗೊತ್ತು. ನಾಳೆ ಅಜ್ಜಿ 'ಮಗು ಕದ್ದರು' ಅಂದ್ರೆ? ಹಿಂದೆ ಒಂದು ಮನೇಲಿ ಜಗಳ ಆಗಿ ಬಾಗಿಲು ಹಾಕಿಬಿಟ್ರು, ಆ ಹುಡುಗನ್ನ ಮತ್ತೆ ನಾವು ನೋಡ್ಲೇ ಇಲ್ಲ. ಒಂದು ದಿನ ಬಿಟ್ಟುಕೊಡೋಣ. ಮದುವೆ ನಿಶ್ಚಯ ಆದ್ರೆ ಅಜ್ಜಿ ಮನಸ್ಸೂ ಮೆತ್ತಗಾಗುತ್ತೆ."

"ಔಷಧಿ ಕುಡಿಸ್ತಾರಂತೆ ಮೇಡಂ!"

"ಅದು ಕೂಡದು ಅಂತ ಕಟ್ಟುನಿಟ್ಟಾಗಿ ಹೇಳಿ."

ಮಕ್ಕಳಿಗೆ ವ್ಯಾಯಾಮ ಮಾಡಿಸುವ ಕೈಕಾಲು ಮೇಷ್ಟ್ರು ಚಾಪೆ ಸುತ್ತುತ್ತಾ, "ಅಂಗಾತ ಮಲಗಿಸಬೇಡಿ ಅಂತಾನೂ ಹೇಳಿ. ವಾಂತಿ ಬಂದ್ರೆ ತಾನಾಗಿ ಹೊರಳೋಕಾಗಲ್ಲ ಅವಳಿಗೆ," ಎಂದರು.

ಚೀಲದ ಟೀಚರ್ ವಾದ ಮಾಡಿದಳು, ಮೇಜು ಗುದ್ದಿದಳು. ಕೊನೆಗೆ ಅವರು ಹೇಳಿದ್ದನ್ನೆಲ್ಲ ಆ ಮನೆಯವರಿಗೆ ಹೇಳಿ ಬಂದಳು. ತಾಯಿ ತಲೆಯಾಡಿಸಿದಳು. "ನಾನು ಪಕ್ಕದಲ್ಲೇ ಕೂತಿರ್ತೀನಿ ಬಿಡಿ," ಎಂದಳು.

ಭಾನುವಾರ ಕಳೆದು ಮಂಗಳವಾರ, ಪಾಠದ ದಿನ. ಟೀಚರ್ ಹೋದಾಗ ಬಾಗಿಲು ತೆರೆದೇ ಇತ್ತು. ಬಡಗಿ ಮಾಡಿದ ಪುಟ್ಟ ಕುರ್ಚಿ ಹೊರಗೆ ಕಸದ ಡಬ್ಬಿಯ ಪಕ್ಕ ಮಗುಚಿ ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸಿ ಅವಳು ಒಳಗೆ ಓಡಿದಳು.

ತಾಯಿ ನಡುಮನೆಯ ನೆಲದ ಮೇಲೆ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಪಕ್ಕದಲ್ಲಿ ಕೂರೋಕೆ ಬಿಡ್ಲಿಲ್ಲ ಟೀಚರ್. ಸೊಸೆ ಕಾಣಿಸದಿದ್ರೆ ಅನುಮಾನ ಬರುತ್ತೆ ಅಂದ್ರು. ಹೊಸ ಸೀರೆ ಉಡಿಸಿ ಮುಂದಿನ ಕೋಣೇಲಿ ಕೂರಿಸಿದ್ರು. ಹುಡುಗನ ತಾಯಿ ನನ್ನೇ ಕೇಳಿದ್ರು, 'ನಿನಗೆ ಮಕ್ಕಳೆಷ್ಟಮ್ಮ?' ಅಂತ. ನಾನು ಬಾಯಿ ತೆಗೆಯೋ ಮೊದಲೇ ಅತ್ತೆ 'ಇನ್ನೂ ಆಗಿಲ್ಲ' ಅಂದ್ರು. ನಾನು... ನಾನು ಹೌದು ಅಂತ ತಲೆಯಾಡಿಸಿದೆ."

ಟೀಚರ್ ಅವಳ ಮುಂದೆ ಕೂತಳು.

"ಗೋಡೆ ಆಚೆಯಿಂದ ಸದ್ದೇ ಇರ್ಲಿಲ್ಲ. ಪರವಾಗಿಲ್ಲ, ಇವತ್ತು ಜಾಣೆ ಆಗಿದ್ದಾಳೆ ಅಂದ್ಕೊಂಡೆ. ಸಮಾಧಾನ ಆಯ್ತು ಟೀಚರ್ ನನಗೆ! ಅವರು ಹೋದ್ಮೇಲೆ ಓಡಿದೆ. ಅಂಗಾತ ಮಲಗಿಸಿದ್ರು. ದಿಂಬೆಲ್ಲ ವಾಂತಿ. ಮೈ ತಣ್ಣಗಾಗಿತ್ತು."

ಒಳಗಿಂದ ಅಜ್ಜಿ ಬಂದಳು. ಮುಖ ಬಾಡಿತ್ತು, ದನಿ ಮಾತ್ರ ಬಾಡಿರಲಿಲ್ಲ. "ಮೆತ್ತಗೆ ಮಾತಾಡಿ. ನಿನ್ನೆ ಬೆಳಗಿನ ಜಾವವೇ ಮಣ್ಣು ಮಾಡಿ ಬಂದಿದ್ದೀವಿ, ಬೀದೀಲಿ ಯಾರಿಗೂ ಗೊತ್ತಿಲ್ಲ. ಅದಕ್ಕೂ ಬಿಡುಗಡೆ ಆಯ್ತು ಅಂದ್ಕೊಳ್ಳಿ. ನಾನೇನು ಕಲ್ಲಾ? ನಾನೂ ಎತ್ತಿ ಆಡಿಸಿದ ಕೂಸೇ. ಆದ್ರೆ ಮದುವೆ ಮುಗಿಯೋ ತನಕ ಈ ಮನೇಲಿ ಅಳು ಕೇಳಿಸಬಾರದು."

"ಬದುಕಿದ್ದಾಗ ಕೂಗಬಾರದು ಅಂದ್ರಿ. ಸತ್ತಾಗ ಅಳಬಾರದು ಅಂತೀರಿ. ಯಾವ ಜನ ರೀ ನೀವು?"

"ಮತ್ತೆ ನೀವು ಯಾವ ಜನ?" ಅಜ್ಜಿ ತಿರುಗಿಬಿದ್ದಳು. "ಒಂದು ದಿನ ಇಟ್ಕೊಳ್ಳಿ ಅಂತ ಇವಳು ಬೇಡಿಕೊಂಡಳಂತೆ. ಇಟ್ಕೊಂಡ್ರಾ?"

ನಿಯಮ ಎನ್ನಲು ಹೊರಟ ಚೀಲದ ಟೀಚರ್, ಹೆಗಲ ಚೀಲ ಇಳಿಸಿ ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಹುಡುಗನ ತಾಯಿ ನಗುತ್ತಾ ಒಳಗೆ ಬಂದರು. "ಉಂಗುರದ ಅಳತೆ ತಗೊಳ್ಳೋದೇ ಮರೆತಿದ್ವಿ ನೋಡಿ!" ಎಂದವರು ಎಲ್ಲರ ಮುಖ ನೋಡಿ ನಿಂತರು. "ಏನಾಯ್ತು?"

"ಏನಿಲ್ಲ, ಬನ್ನಿ ಬನ್ನಿ," ಅಜ್ಜಿ ಸೆರಗು ಸರಿಮಾಡಿಕೊಂಡು ನಕ್ಕಳು. "ಸೊಸೆಗೆ ಮೈ ಹುಷಾರಿಲ್ಲ, ಅಷ್ಟೇ."

ಒಳಕೋಣೆಯ ಬಾಗಿಲಲ್ಲಿ ಮದುವೆಯ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಔಷಧಿ ತಂದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಉಂಗುರದ ಅಳತೆಗೆ ಬೆರಳು ಮುಂದೆ ಚಾಚಲಿಲ್ಲ.

ತಾಯಿ ಎದ್ದಳು.

"ನನಗೆ ಮಗಳಿದ್ದಳು ಅಮ್ಮಾ. ನೀವು ಚಹಾ ಕುಡೀತಿದ್ದಾಗ ಆ ಕೋಣೇಲಿ ಸತ್ತಳು. ಅವಳ ದನಿ ನಿಮಗೆ ಕೇಳಿಸಬಾರದು ಅಂತ ಇವರು ಔಷಧಿ ಕುಡಿಸಿದ್ರು. ನಾನು ಸುಳ್ಳಿಗೆ ತಲೆಯಾಡಿಸಿದೆ."

ಹುಡುಗನ ತಾಯಿ ಬಾಯಿಗೆ ಕೈ ಅಡ್ಡ ಹಿಡಿದರು. ಅಜ್ಜಿ "ತಲೆ ಕೆಟ್ಟಿದೆ ಇವಳಿಗೆ!" ಎಂದು ಚೀರಿದಳು. ಗಂಡ ಕೋಣೆಯಿಂದ ಹೊರಬಂದು, "ಲೇ, ಎಲ್ಲಿಗೆ ಹೊರಟೆ? ನಿಲ್ಲು," ಎಂದ. ಅವನು ಆ ಮನೆಯಲ್ಲಿ ದನಿ ಎತ್ತಿದ್ದು ಅದೇ ಮೊದಲು. ಅದೂ ಮಗಳಿಗಾಗಿ ಅಲ್ಲ.

ಅವಳು ನಿಲ್ಲಲಿಲ್ಲ. ಬರಿಗಾಲಲ್ಲೇ ಹೊಸ್ತಿಲು ದಾಟಿದಳು. ಟೀಚರ್ ಹಿಂದೆಯೇ ಓಡಿ, "ನನ್ನ ಮನೆಗೆ ಬನ್ನಿ, ಈಗಲೇ ಬನ್ನಿ," ಎಂದು ಕೈ ಹಿಡಿದಳು.

ತಾಯಿ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಭಾನುವಾರ ಕರೀಬೇಕಿತ್ತು ಟೀಚರ್," ಎಂದಳು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಅಂಗಡಿಗಳ ಮುಂದೆ, ಬಸ್ಸಿಗೆ ಕಾಯುವ ಜನರ ನಡುವೆ ನಡೆದು ಅವಳು ಬೀದಿಯ ಕೊನೆ ಮುಟ್ಟಿದಳು. ಆ ಮನೆಗೆ ಅವಳು ಮತ್ತೆ ಬರಲಿಲ್ಲ. ಕೇಂದ್ರಕ್ಕೂ ಬರಲಿಲ್ಲ.