ಕಿರಾಣಿ ಅಂಗಡಿಗೆ ಮಾಡಿದ ಫೋನು

ಡಾಕ್ಟರ್ ಶಂಭುಲಿಂಗ ಅವರು 2006ರಲ್ಲಿ ನನ್ನನ್ನು ಹೊಸಪೇಟೆಯ ಹೋಟೆಲೊಂದರಲ್ಲಿ ನಡೆದ ಒಂದು ದಿನದ ತರಬೇತಿಗೆ ಕಳಿಸಿದರು. ಇಪ್ಪತ್ತೆರಡು ವರ್ಷ ಅವರ ಕಾಂಪೌಂಡರ್ ಆಗಿದ್ದವನಿಗೆ ದವಾಖಾನೆ ನಡೆಸುವುದನ್ನು ಹೇಳಿಕೊಡಲು ಬೆಂಗಳೂರಿನಿಂದ ಟೈ ಕಟ್ಟಿದವನೊಬ್ಬ ಬಂದಿದ್ದ. ಅದಿರಿನ ದೆಸೆಯಿಂದ ಊರಲ್ಲಿ ದುಡ್ಡು ಹೊಳೆಯಾಗಿ ಹರಿಯುತ್ತಿರುವಾಗ ನಿಮಗೆ ಬರಬೇಕಾದ ಬಾಕಿ ಮಾತ್ರ ಯಾಕೆ ನಿಂತಿದೆ ಎಂದು ಕೇಳಿದ. ಮನೆಯಲ್ಲಿ ಫೋನಿಲ್ಲದವರ ಓಣಿಯ ಅಂಗಡಿಗೆ ಫೋನ್ ಮಾಡಿ, ಹೆಸರು, ಮೊತ್ತ ಎರಡನ್ನೂ ಹೇಳಿ, ಮರ್ಯಾದೆಗೆ ಅಂಜಿ ತಾವೇ ಬರುತ್ತಾರೆ ಎಂದ. ಊಟಕ್ಕೆ ಹೋಳಿಗೆ ಇತ್ತು. ನಾನು ಎಲ್ಲ ಬರೆದುಕೊಂಡೆ.

ಬಾಕಿದಾರರ ಪಟ್ಟಿಯಲ್ಲಿ ಪಾಪಿನಾಯಕನಹಳ್ಳಿಯ ಯಮನಮ್ಮ ಇದ್ದಳು. ಆರುನೂರ ನಲವತ್ತು ರೂಪಾಯಿ. ಅದಿರು ಜರಡಿ ಹಿಡಿಯುವ ಕೆಲಸ, ಎದೆ ತುಂಬ ಕೆಂಪು ಧೂಳು. ದಮ್ಮು ಹತ್ತಿದಾಗಲೆಲ್ಲ ಬಸ್ಸು ಹಿಡಿದು ಬಂದು, ಮಷಿನ್ನಿನಿಂದ ಔಷಧದ ಹಬೆ ಎಳೆದುಕೊಂಡು, ಕೂಲಿ ಬಟವಾಡೆಯಾದಾಗ ಕೈಲಾದಷ್ಟು ಕೊಟ್ಟು ಹೋಗುತ್ತಿದ್ದಳು. ಆ ಹಬೆ ತಪ್ಪಿದರೆ ಉಳಿಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವಳ ಓಣಿಯ ಕಿರಾಣಿ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವನು ನೆರೆದವರ ನಡುವೆ ಅವಳ ಬಾಕಿ ಕೂಗಿ ಹೇಳಿದ್ದು ನನಗೂ ಕೇಳಿಸಿತು. ಕಲಿತ ವಿದ್ಯೆ ಫಲಿಸಿತೆಂದು ಹಿಗ್ಗಿದೆ, ಕತ್ತೆ ನಾನು.

ಅವಳು ಬರಲಿಲ್ಲ. ಇಪ್ಪತ್ತು ದಿನಕ್ಕೆ ಅವಳ ಮಗಳು ಹೇಮಾ ಬಂದು ನೋಟುಗಳನ್ನು ಮೇಜಿನ ಮೇಲಿಟ್ಟಳು.

"ಅವ್ವ ತೀರ್ಕೊಂಡ್ಳ್ರಿ. ನಾಳೆ ಆಕಿ ದಿನಕರ್ಮ ಮಾಡ್ತೀವಿ. ಸತ್ತೋರ ಮ್ಯಾಲೆ ಸಾಲ ಉಳೀಬಾರ್ದಂತ ಹಿರ್ಯಾರು ಅಂದ್ರು."

"ದಮ್ಮು ಹತ್ತಿದ್ರ ಕರ್ಕೊಂಡು ಬರಬಾರ್ದಿತ್ತೇನವ್ವಾ?"

"ಬಾಕಿ ಇಟ್ಕೊಂಡು ಯಾವ ಮುಖ ತೋರಿಸ್ಲಿ ಅಂತ ಕುಂತುಬಿಟ್ಲು. ಕೈ ಹಿಡದು ಎಳದ್ರೂ ಏಳ್ಲಿಲ್ಲ."

ನೋಟುಗಳನ್ನು ಅವಳತ್ತ ಸರಿಸಿದೆ. "ರೊಕ್ಕ ಬ್ಯಾಡ ತಂಗಿ, ತಗೊಂಡು ಹೋಗು" ಎಂದೆ.

"ಅವತ್ತು ಬೇಕಾಗಿತ್ತಲ್ರಿ" ಎಂದಳು ಹೇಮಾ. "ರೊಕ್ಕ ಮುಟ್ಟೇತಿ ಅಂತ ಬರದು ಕೊಡ್ರಿ. ಅಂಗಡ್ಯಾಗ ತೋರಿಸ್ಬೇಕು."

ಬರೆದುಕೊಟ್ಟೆ.

ಸಂಜೆ ಡಾಕ್ಟರು ಪಟ್ಟಿ ನೋಡಿ ಮುಖ ಅರಳಿಸಿದರು. "ಯಮನಮ್ಮಂದು ಪೂರ್ತಿ ಬಂತಲ್ಲ ಕೊಟ್ರಯ್ಯ! ಫೋನು ಭಾಳ ಕೆಲಸ ಮಾಡೇತಿ."

"ಆಕಿ ಸತ್ತಾಳ್ರೀ. ಬಾಕಿಗೆ ನಾಚಿ ಇಲ್ಲಿಗೆ ಬರಲೇ ಇಲ್ಲಂತ."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ, "ಉಳಿದೋರಿಗೆ ಇವತ್ತು ಫೋನು ಬ್ಯಾಡ. ನಾಳೆ ಮಾಡ್ರಿ" ಎಂದರು.

ಒಬ್ಬ ಹೆಂಗಸಿನ ಜೀವಕ್ಕೆ ಒಂದು ಸಂಜೆಯ ರಜೆ. ಉರಿದುಹೋಯಿತು ನನಗೆ. ಆದರೂ ಮರುದಿನ ಬೆಳಿಗ್ಗೆ ವಡ್ಡು ಎಂಬ ಹಳ್ಳಿಯ ಅಂಗಡಿಯ ನಂಬರು ಒತ್ತಿದೆ, ಪಟ್ಟಿಯ ಮುಂದಿನ ಹೆಸರು ಹೇಳಿದೆ, ಮೊತ್ತವನ್ನೂ ಹೇಳಿದೆ.