ನಾಳೆ ನಿನಗೆ

ಉಳಿಯಮ್ಮನ ಕೈಯಲ್ಲಿದ್ದ ಉಳಿಗಿಂತ ಅವಳ ನಾಲಿಗೆಯೇ ಹರಿತ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಹೇಳಲಿ ಬಿಡಿ. ಗೋರಿಕಲ್ಲು ಕೆತ್ತಿ ಬದುಕುವ ಒಂಟಿ ಹೆಂಗಸಿನ ನಾಲಿಗೆಯೂ ಮೆತ್ತಗಿದ್ದರೆ ಜನ ತಲೆ ಮೇಲೆ ಹತ್ತಿ ಕೂರುವುದಿಲ್ಲವೇ? ಮುಂದೆ ಕೆಲಸದ ಶೆಡ್ಡು, ಹಿಂದೆ ಎರಡು ಕೋಣೆಯ ಮನೆ. ಮನೆಯಲ್ಲಿ ಅವಳು ಮತ್ತು ಅವಳ ಒಬ್ಬಳೇ ಮಗಳು. ಗಂಡ ಹೋಗಿ ಬಹಳ ಕಾಲವಾಗಿತ್ತು.

ಈ ಕಸುಬಿನಲ್ಲಿ ಲ್ಯಾಟಿನ್ ಬಲು ಫ್ಯಾಷನ್. ಬದುಕಿದ್ದಾಗ ನೆಟ್ಟಗೆ ನಾಲ್ಕು ಮಾತಾಡದವನಿಗೂ ಸತ್ತ ಮೇಲೆ ತಲೆಯ ಹತ್ತಿರ ಒಂದು ಸಾಲು ಲ್ಯಾಟಿನ್ ಬೇಕು. ‘ರಿಕ್ವಿಯೆಸ್ಕಾತ್ ಇನ್ ಪಾಚೆ’ ಅಂದರೆ ನೆಮ್ಮದಿಯಾಗಿ ಮಲಗಿರಲಿ. ‘ಹಿಕ್ ಯಾಚೆತ್’ ಅಂದರೆ ಇಲ್ಲಿ ಇಂಥವರು ಮಲಗಿದ್ದಾರೆ. ಇವೆಲ್ಲ ಬಡಪಾಯಿ ಸಾಲುಗಳು, ಯಾರ ತಂಟೆಗೂ ಬರುವುದಿಲ್ಲ. ಒಂದೇ ಒಂದು ಸಾಲಿನ ಬಗ್ಗೆ ಮಾತ್ರ ಅವಳ ಮಾವ, ಅವಳಿಗೆ ಕಸುಬು ಕಲಿಸಿದವನು, ಕಣ್ಣು ಮುಚ್ಚುವವರೆಗೂ ಎಚ್ಚರಿಸುತ್ತಿದ್ದ. ‘ಹೋದಿಯೆ ಮಿಹಿ, ಕ್ರಾಸ್ ತಿಬಿ.’ ಇಂದು ನನಗೆ, ನಾಳೆ ನಿನಗೆ.

“ಮಿಕ್ಕ ಕಲ್ಲೆಲ್ಲ ಸತ್ತವರ ವಿಷಯ ಮಾತಾಡ್ತವೆ ಕಣಮ್ಮ. ಇದು ಓದೋರ ಹತ್ರಾನೇ ಮಾತಾಡುತ್ತೆ,” ಎನ್ನುತ್ತಿದ್ದ ಮಾವ. “ಕೊನೇ ಅಕ್ಷರದಿಂದ ಶುರು ಮಾಡಿ ಹಿಂದಕ್ಕೆ ಕೆತ್ತು, ಆಗ ನೀನು ಓದಿದ ಹಾಗಾಗಲ್ಲ. ಮುಗಿದ ತಕ್ಷಣ ಬಟ್ಟೆ ಹೊದಿಸು. ಸ್ಮಶಾನದಲ್ಲಿ ಜನ ಸೇರಿದ ಮೇಲೇ ತೆಗೀಬೇಕು. ಎಲ್ಲರೂ ಒಟ್ಟಿಗೆ ಓದಿದ್ರೆ ಆ ‘ನಿನಗೆ’ ಅನ್ನೋದು ಯಾರಿಗೂ ತಗಲಲ್ಲ. ಒಬ್ಬರೇ ಓದಿದ್ರೆ ಅವರಿಗೇ.”

ಉಳಿಯಮ್ಮ ಇದನ್ನು ನಂಬಿದ್ದಳೋ ಇಲ್ಲವೋ, ಚಾಚೂ ತಪ್ಪದೆ ಪಾಲಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಗಡಿಯಾರದಂಗಡಿಯ ಯಜಮಾನನ ಕಲ್ಲು ಮುಗಿದಿತ್ತು. ಅವನ ಹೆಂಡತಿ, ಬೀದಿಗೆಲ್ಲ ಗಡಿಯಾರದಜ್ಜಿ, ಆ ಸಾಲನ್ನೇ ಕೇಳಿ ಬರೆಸಿದ್ದಳು. ಅಕ್ಷರಗಳಿಗೆ ಚಿನ್ನದ ಬಣ್ಣ ತುಂಬಿದ್ದಾಗಿತ್ತು. ಆದರೆ ಹವೆಯಲ್ಲಿ ಥಂಡಿ, ಬಣ್ಣ ಒಣಗಲೊಲ್ಲದು. ಬಟ್ಟೆ ಹೊದಿಸಿದರೆ ಅಂಟಿಕೊಂಡು ಇಡೀ ಕೆಲಸ ಹಾಳು. ‘ಇಷ್ಟು ಹೊತ್ತಿಗೆ ಯಾರು ಬಂದಾರು’ ಎಂದುಕೊಂಡು ಅವಳು ಕಲ್ಲನ್ನು ಬಾಗಿಲ ಕಡೆ ಮುಖ ಮಾಡಿ ಗಾಳಿಗೆ ಬಿಟ್ಟು, ಉಳಿ ಮಸೆಯಲು ಹಿತ್ತಲಿಗೆ ಹೋದಳು. ಅಷ್ಟೇ ನೋಡಿ ಅವಳು ಮಾಡಿದ ತಪ್ಪು.

ಮಗಳಿಗೆ ಮರುದಿನ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ. ವಕೀಲರಾಗುವವರಿಗೆ ಲ್ಯಾಟಿನ್ ನುಡಿಗಟ್ಟುಗಳೂ ಅವುಗಳ ಇಂಗ್ಲಿಷ್ ಅರ್ಥವೂ ಬಾಯಿಗೆ ಬರಬೇಕಂತೆ. ತಿಂಗಳಿಂದ ಮನೆಯಲ್ಲಿ ಅದೇ ಜಪ. ಪ್ರೈಮಾ ಫೇಸಿ, ಮೊದಲ ನೋಟಕ್ಕೆ. ಬೋನಾ ಫೈಡ್, ಶುದ್ಧ ಮನಸ್ಸಿನಿಂದ. ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೂ, “ಅಮ್ಮ, ನಿನ್ನ ಬೈಗುಳ ಆಡ್ ನಾಸಿಯಮ್ ಆಯ್ತು,” ಎಂದಿದ್ದಳು.

“ಹಾಗಂದ್ರೇನೇ?”

“ವಾಂತಿ ಬರೋಷ್ಟು ಅಂತ.”

“ಬರಲಿ, ಬಕೆಟ್ ಅಲ್ಲೇ ಇದೆ,” ಎಂದಿದ್ದಳು ಉಳಿಯಮ್ಮ.

ಈಗ ಹಿತ್ತಲಲ್ಲಿ ಉಳಿ ಮಸೆಯುತ್ತಿದ್ದವಳಿಗೆ ಶೆಡ್ಡಿನಿಂದ ಮಗಳ ದನಿ ಕೇಳಿಸಿತು. ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ: “ಹೋದಿಯೆ... ಮಿಹಿ... ಕ್ರಾಸ್... ತಿಬಿ. ಟುಡೇ ಮಿ, ಟುಮಾರೋ ಯು! ಅಮ್ಮಾ, ಇದು ನನಗೆ ಗೊತ್ತು!”

ಉಳಿಯಮ್ಮ ಉಳಿಯನ್ನು ಅಲ್ಲೇ ಎಸೆದಳು. ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಮಗಳನ್ನು ಕಲ್ಲಿನ ಮುಂದಿನಿಂದ ಎಳೆದಳು. ಹುಡುಗಿ ನಕ್ಕುಬಿಟ್ಟಳು.

“ಅಜ್ಜನ ಕಥೆ ನೀನೂ ನಂಬ್ತೀಯಾ? ಕೈ ಬಿಡಮ್ಮ, ನೋಯ್ತಿದೆ.”

ಕೈ ಬಿಡಲು ಹೋದ ಉಳಿಯಮ್ಮ ಬಿಡಲಿಲ್ಲ. ಆ ಕೈ ತಣ್ಣಗಿತ್ತು. ಚಳಿಯ ತಣ್ಣನೆಯಲ್ಲ, ಬೆಳಿಗ್ಗೆದ್ದು ಮುಟ್ಟಿದ ಕಲ್ಲು ಹೇಗಿರುತ್ತದೋ ಹಾಗೆ. ಅವಳು ದಿನವೂ ಮುಟ್ಟುವ ತಣ್ಣನೆ ಅದು, ಗುರುತು ಹೇಗೆ ತಪ್ಪೀತು?

ಮಗಳನ್ನು ಒಲೆಯ ಪಕ್ಕ ಕೂರಿಸಿ, ಎರಡು ಕಂಬಳಿ ಹೊದಿಸಿ ಶೆಡ್ಡಿಗೆ ವಾಪಸು ಬಂದಳು. ಕಲ್ಲಿನ ಮೇಲೆ ಲ್ಯಾಟಿನ್ ಸಾಲು ಮಿರುಗುತ್ತಿತ್ತು. ಅದರ ಕೆಳಗೆ ಗಡಿಯಾರದವನ ಹೆಸರು ಇರಬೇಕಾದಲ್ಲಿ ಅಕ್ಷರಗಳು ಕಲ್ಲಿನಿಂದಲೇ ಅರ್ಧಕ್ಕರ್ಧ ತುಂಬಿಹೋಗಿದ್ದವು. ಬೆರಳು ಇಳಿಯುವಷ್ಟು ಆಳ ತೆಗೆದಿದ್ದಳು ತಾನೇ, ಈಗ ಉಗುರೂ ಸಿಕ್ಕುತ್ತಿರಲಿಲ್ಲ. ಉಳಿ ಹಿಡಿದು ಮತ್ತೆ ತೆಗೆದಳು. ಪುಡಿಯನ್ನು ಊದುವಷ್ಟರಲ್ಲಿ ಮತ್ತೆ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಹೆಸರಿನ ಜಾಗ ನುಣ್ಣಗೆ, ಖಾಲಿಯಾಗಿತ್ತು. ಕಲ್ಲು ಇನ್ನೊಬ್ಬರಿಗೆ ಜಾಗ ಮಾಡಿಕೊಳ್ಳುತ್ತಿತ್ತು. ಇಂಥದ್ದನ್ನು ನೋಡಿ ಯಾವ ತಾಯಿ ಸುಮ್ಮನೆ ನಿಂತಾಳು? ಸುತ್ತಿಗೆ ಎತ್ತಿ ಕಲ್ಲನ್ನೇ ಒಡೆಯಲು ಹೋದಳು. ಮೊದಲ ಏಟಿಗೆ ಒಳಗಿನಿಂದ ಮಗಳು ಚೀರಿದಳು. ಸುತ್ತಿಗೆ ಕೈಯಿಂದ ಜಾರಿತು.

ಸಂಜೆ ಕಲ್ಲು ನೋಡಲು ಗಡಿಯಾರದಜ್ಜಿ ಬಂದಳು. ಉಳಿಯಮ್ಮ ಏನನ್ನೂ ಮುಚ್ಚಿಡಲಿಲ್ಲ, ಎಲ್ಲವನ್ನೂ ಹೇಳಿ ಗೊಳೋ ಎಂದು ಅತ್ತಳು. ಬೀದಿಯಲ್ಲಿ ಯಾರೂ ಅವಳು ಅತ್ತದ್ದನ್ನು ಕಂಡಿರಲಿಲ್ಲ.

“ಅಳಬೇಡ, ನಾನೇ ಓದ್ತೀನಿ,” ಎಂದಳು ಅಜ್ಜಿ. “ನನಗೇ ಅಂತ ಬರೆಸಿದ ಸಾಲು ಅದು. ಅವರಿಗೆ ನಿನ್ನೆ, ನನಗೆ ನಾಳೆ. ಯಾರಿದ್ದಾರೆ ನನಗೆ ಇನ್ನು?”

ಅಜ್ಜಿ ಕನ್ನಡಕ ಏರಿಸಿ, ಕಲ್ಲಿನ ಮುಂದೆ ನಿಂತು ಸ್ಪಷ್ಟವಾಗಿ ಓದಿದಳು. ಇಬ್ಬರೂ ಕಾದರು. ಅಜ್ಜಿಯ ಕೈ ಬೆಚ್ಚಗೇ ಇತ್ತು. ಮತ್ತೆ ಓದಿದಳು. ಮೂರನೇ ಸಲ ಓದುವಾಗ ಅವಳ ದನಿ ಒಡೆಯಿತು. “ನನ್ನನ್ಯಾಕೆ ಬಿಟ್ರಿ?” ಎಂದು ಕಲ್ಲನ್ನೇ ಕೇಳಿದಳು. ಒಳಗೆ ಮಗಳ ಹಲ್ಲು ಕಟಕಟಿಸುವುದು ಶೆಡ್ಡಿಗೂ ಕೇಳುತ್ತಿತ್ತು.

ಉಳಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಉಳಿ ಎತ್ತಿಕೊಂಡಳು.

“ಏನು ಮಾಡ್ತೀಯ?”

“ಅದಕ್ಕೆ ಬೇಕಾಗಿರೋದು ಹೆಸರು ತಾನೇ? ಕೊಡ್ತೀನಿ.”

“ಬೇಡ ಕಣೇ. ಮೊದಲು ನನ್ನ ಹೆಸರು ಹಾಕಿ ನೋಡು.”

“ನೀವು ಓದಿದ್ದಕ್ಕೇ ಅದು ಒಪ್ಪಲಿಲ್ಲ. ಬಾಗಿಲಿಗೆ ಮುಖ ಮಾಡಿ ಇಟ್ಟೋಳು ನಾನು. ಅವಳನ್ನ ಹೆತ್ತೋಳೂ ನಾನೇ.”

ಯಾರೂ ಕರೆಯದೆ ಅವಳಿಗೇ ಮರೆತಂತಾಗಿದ್ದ ತನ್ನ ನಿಜವಾದ ಹೆಸರನ್ನು ಆ ನುಣ್ಣನೆಯ ಜಾಗದಲ್ಲಿ ಕೆತ್ತತೊಡಗಿದಳು. ಕಲ್ಲು ತಡೆಯಲಿಲ್ಲ. ಬೆಣ್ಣೆಯಲ್ಲಿ ಇಳಿದಂತೆ ಉಳಿ ಇಳಿಯಿತು. ಊದಿದಳು. ಅಕ್ಷರ ತುಂಬಲಿಲ್ಲ. ಅವಳಿಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ಇನ್ನೂ ಬದುಕಬೇಕೆಂದಿತ್ತು ಅವಳಿಗೆ. ಮಗಳು ಕಪ್ಪು ಕೋಟು ಹಾಕಿ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನೋಡಬೇಕೆಂದಿತ್ತು. ಆದರೂ ಕೊನೆಯ ಅಕ್ಷರದವರೆಗೂ ಕೆತ್ತಿದಳು.

“ಅಮ್ಮಾ, ಸೆಕೆ! ಈ ಕಂಬಳಿ ಯಾರು ಹೊದಿಸಿದ್ದು?” ಒಳಗಿನಿಂದ ಮಗಳು ಕೂಗಿದಳು.

ಉಳಿಯಮ್ಮ ನೆಲದ ಮೇಲೆ ಕುಸಿದು ಕೂತು ನಕ್ಕಳು. ಆಮೇಲೆ ಅಜ್ಜಿಯ ಕೈ ಹಿಡಿದಳು. “ಇವತ್ತು ಇಲ್ಲೇ ಮಲಗಿ. ಬೆಳಿಗ್ಗೆ ಅವಳನ್ನ ಎಬ್ಬಿಸಬೇಕು, ಬಸ್ಸು ಬೇಗ. ಪರೀಕ್ಷೆ ಮುಗಿಯೋವರೆಗೆ ಏನೂ ಹೇಳಬೇಡಿ. ಆಮೇಲೆ ನೀವೇ ಹೇಳಿ.” ಅಜ್ಜಿ ತಲೆಯಾಡಿಸಿದಳು. ತನ್ನನ್ನು ಹಿಡಿದಿದ್ದ ಉಳಿಯಮ್ಮನ ಕೈ ಆಗಲೇ ತಣ್ಣಗಾಗುತ್ತಿತ್ತು.

ರಾತ್ರಿ ಉಳಿಯಮ್ಮ ಮಗಳ ತಲೆ ಬಾಚುತ್ತಾ ಕೂತಳು. “ಇವತ್ತು ಯಾಕೆ ಬೈತಿಲ್ಲ ನೀನು?” ಎಂದು ಹುಡುಗಿ ಕೇಳಿದಾಗ, ಅವಳ ಸಮಾಧಾನಕ್ಕೆಂದು, ಕೂದಲಿಗೆ ಎಣ್ಣೆ ಹಚ್ಚದ್ದಕ್ಕೆ, ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟದ್ದಕ್ಕೆ, ಅಪ್ಪನ ಮೂಗೇ ಅವಳಿಗೆ ಬಂದದ್ದಕ್ಕೂ ಮನಸಾರೆ ಬೈದಳು.

ಬೆಳಿಗ್ಗೆ ಮಗಳನ್ನು ಎಬ್ಬಿಸಿದ್ದು ಗಡಿಯಾರದಜ್ಜಿ. ತಿಂಡಿ ಕೊಟ್ಟಿದ್ದೂ ಅಜ್ಜಿಯೇ.

“ಅಮ್ಮ ಎಲ್ಲಿ?”

“ಮಲಗಿದ್ದಾಳೆ. ನಿನ್ನೆ ತುಂಬ ದಣಿದಿದ್ದಳು. ನೀನು ಹೊರಡಮ್ಮ, ಬಸ್ಸು ಬರುತ್ತೆ,” ಎಂದಳು ಅಜ್ಜಿ, ಮುಖ ಒಲೆಯ ಕಡೆ ತಿರುಗಿಸಿಕೊಂಡು.

ಹುಡುಗಿ ಚಪ್ಪಲಿ ಮೆಟ್ಟಿ, ಮುಚ್ಚಿದ ಕೋಣೆಯ ಬಾಗಿಲನ್ನು ಮೆಲ್ಲಗೆ ತಟ್ಟಿದಳು. “ಬೈಯದೆ ಕಳಿಸ್ತಿದ್ದೀಯಲ್ಲ, ಇವತ್ತು ನಾನು ಪಾಸಾದ ಹಾಗೇ ಲೆಕ್ಕ!” ಎಂದು ನಕ್ಕು, ಉತ್ತರಕ್ಕೆ ಕಾಯದೆ ಬಸ್ಸಿಗೆ ಓಡಿದಳು.