ಜೀವಾಳ ಬಟ್ಟೆ ಒಗೆಯುವವರು ಯಾರು?

ಮೂಕಯ್ಯನವರ ಗದ್ದೆಗೆ ಎರಡು ದಿನದಿಂದ ಸರಿಯಾಗಿ ನೀರು ಬರುತ್ತಿರಲಿಲ್ಲ. ಕಾಲುವೆ ತುಂಬಿ ಹರಿಯುತ್ತಿತ್ತು. ಪಕ್ಕದ ಗದ್ದೆಗೂ ನೀರು ಹೋಗುತ್ತಿತ್ತು. ಇವರ ಪೈಪಿನಲ್ಲಿ ಮಾತ್ರ ಬೆರಳು ದಪ್ಪದ ಧಾರೆ. ಮಳೆಗಾಲದ ಐಪ್ಪಸಿ ತಿಂಗಳ ಮೋಡ ಕವಿದ ಬೆಳಿಗ್ಗೆ ಅವರು ಮೊಣಕಾಲಷ್ಟು ನೀರಿಗಿಳಿದು, ಪೈಪಿನೊಳಗೆ ಕೈ ಹಾಕಿ ಎಳೆದರು.

ಬಂದದ್ದು ಗಂಟು ಕಟ್ಟಿದ ಒಂದು ಕವರ್. ಅದರೊಳಗೆ ಐದಾರು ಡೈಪರ್. ನೀರು ಕುಡಿದು ಕುಡಿದು ಒಂದೊಂದೂ ಸೋರೆಕಾಯಿಯಷ್ಟು ಉಬ್ಬಿತ್ತು.

"ಯಾವ ಮನೆಯವ್ರಪ್ಪ ಇವ್ರು, ಬುದ್ಧಿ ಇಲ್ದವ್ರು!" ಎಂದು ಬೈಯುತ್ತಾ ಅವರು ಕವರನ್ನು ತಿರುಗಿಸಿದರು. ಮೇಲೆ ಅಚ್ಚಾಗಿತ್ತು: ದೈವಾನೈ ಟೈಲರ್ಸ್, ಚಿನ್ನಮನೂರು.

ಮೂಕಯ್ಯ ಆ ಅಕ್ಷರಗಳನ್ನು ಇನ್ನೊಮ್ಮೆ ಓದಿದರು. ಆ ಅಂಗಡಿಯಲ್ಲಿ ಹೊಲಿಗೆ ಹಾಕುವವಳು ಅವರ ಸೊಸೆ ಯುವಶ್ರೀ. ಅವರ ಬೀದಿಯಿಂದ ಬೇರೆ ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಅವರು ಕವರನ್ನು ಒಂದು ಕೋಲಿಗೆ ಸಿಕ್ಕಿಸಿಕೊಂಡು ನೇರ ಮನೆಗೆ ನಡೆದರು.

ಮನೆ ಹತ್ತಿರ ಬರುವಾಗಲೇ ಮೊಮ್ಮಗಳು ಜೀವಾಳ ಅಳು ಕೇಳಿಸಿತು. ಐದು ತಿಂಗಳ ಕೂಸು. ಹಸಿವಿಗೆ ಅಳುವ ಅಳು ಬೇರೆ, ಇದು ಬೇರೆ. ಉಚ್ಚೆ ಹೊಯ್ಯುವಾಗೆಲ್ಲ ಉರಿದು, ಕಾಲು ಒದ್ದು, ಉಸಿರು ಕಟ್ಟುವಂತೆ ಅಳುತ್ತಿತ್ತು. ಯುವಶ್ರೀ ಅದರ ಬಟ್ಟೆ ಬಿಚ್ಚಿ ಕೂತಿದ್ದಳು. ಕೂಸಿನ ತೊಡೆಸಂದಿ ಕೆಂಡದಂತೆ ಕೆಂಪಾಗಿತ್ತು.

"ನಾನು ಅವತ್ತೇ ಹೇಳ್ದೆ," ಎಂದರು ಅತ್ತೆ ಆಂಡಾಳ್. "ಈ ಕಾಗದದ ಚಡ್ಡಿ ಬ್ಯಾಡ ಅಂತ. ಉಟ್ಟ ಹಳೇ ಸೀಲೆ ಹರ್ದು ಕಟ್ಟಿ ನಾನು ಮೂರು ಮಕ್ಕಳ್ನ ಸಾಕ್ಲಿಲ್ವಾ?"

"ಬಟ್ಟೆ ಕಟ್ಟಿ ನಾಲ್ಕು ದಿನ ಆಯ್ತಲ್ಲ ಅತ್ತೆ! ಇನ್ನೂ ಜಾಸ್ತಿ ಆಗೈತೆ!" ಯುವಶ್ರೀಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಅದಕ್ಕೆ ಮುಂಚೆ ಡೈಪರ್ ಹಾಕಿದ್ದು ಯಾರು? ನಾನು ಹೊಸ್ಲು ದಾಟೋದೇ ತಡ, ನೀವೇ ಅಲ್ವಾ ಹಾಕ್ತಿದ್ದದ್ದು? ಬೆಳಿಗ್ಗೆ ಹಾಕಿದ್ದು ನಾನು ಸಾಯಂಕಾಲ ಬಂದಾಗ್ಲೂ ಅದೇ ಇರ್ತಿತ್ತು!"

"ಹನ್ನೆರಡು ಗಂಟೆ ತಾಳ್ತದೆ ಅಂತ ನಿನ್ನ ಗಂಡನೇ ಓದಿ ಹೇಳ್ದ. ಸೋರ್ಲಿಲ್ಲ, ನಾನು ಬಿಚ್ಲಿಲ್ಲ."

ಯುವಶ್ರೀ ಕೆಲಸಕ್ಕೆ ಮರಳಿ ಒಂದು ತಿಂಗಳಾಗಿತ್ತು. ಕೂಸನ್ನು ನೋಡಿಕೊಳ್ಳುವುದು ಆಂಡಾಳ್ ಪಾಲಿಗೆ ಬಂದಿತ್ತು. ಬಾಯಲ್ಲಿ ಬಟ್ಟೆಯನ್ನು ಹೊಗಳುವ ಅತ್ತೆ ಕೈಯಲ್ಲಿ ಯಾಕೆ ಡೈಪರನ್ನೇ ಹಿಡಿಯುತ್ತಾರೆ ಎಂಬುದು ಯುವಶ್ರೀಗೆ ಅರ್ಥವಾಗಿರಲಿಲ್ಲ. ಕೇಳಿದರೆ ಆಂಡಾಳ್ ಮಾತು ಬದಲಿಸುತ್ತಿದ್ದರು.

ಮೂಕಯ್ಯ ಕೋಲನ್ನು ಬಾಗಿಲಿಗೆ ಒರಗಿಸಿದರು. "ಈ ಕವರ್ ಯಾರು ಎಸ್ದದ್ದು?"

ಬೈಕ್ ಒರೆಸುತ್ತಿದ್ದ ಮಗ ಬಾಲಮುರುಗನ್ ತಲೆ ತಗ್ಗಿಸಿದ. ಅವನು ಕಂಬಂ ಸಂತೆಗೆ ಬಾಳೆ ಲೋಡ್ ಓಡಿಸುವವನು. "ನಾನೇ ಅಪ್ಪ. ಮೂರ್ನಾಲ್ಕು ದಿನದ್ದು ಒಟ್ಟಿಗೆ ಕಟ್ಟಿ, ಲೋಡಿಗೆ ಹೋಗ್ವಾಗ ಕಾಲುವೆ ದಾಟೋ ಪಾಲದ ಮೇಲಿಂದ ಹಾಕ್ತಿದ್ದೆ. ನೀರು ಕೊಂಡ್ಹೋಗ್ತದೆ ಅಂತ."

"ಕೊಂಡ್ಹೋಯ್ತು," ಎಂದರು ಮೂಕಯ್ಯ. "ನಮ್ಮ ಗದ್ದೆಗೇ."

ಅದೇ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತವರು ಊರಿನ ನರ್ಸ್ ಮಣಿಮೇಗಲೈ. ಹಿಂದಿನ ದಿನ ತೂಕ ನೋಡುವುದಕ್ಕೆ ಜೀವಾಳನ್ನು ಕರೆದುಕೊಂಡು ಬಂದಿರಲಿಲ್ಲ. ಅದಕ್ಕೇ ತಾವೇ ಹುಡುಕಿಕೊಂಡು ಬಂದಿದ್ದರು. "ಪಾಪ ಯಾಕೆ ಅಳ್ತಾ ಇದೆ?" ಎಂದು ತಮಿಳಿನಲ್ಲಿ ಕೇಳಿದರು.

ಆಂಡಾಳ್ ಮುಖ ತಿರುಗಿಸಿ ಮನೆಮಾತಾದ ಕನ್ನಡದಲ್ಲಿ ಗೊಣಗಿದರು. "ಇವ್ಳೂ ಬಂದ್ಳು ಪಾಠ ಹೇಳಕ್ಕೆ. ಮೂರು ಹೆತ್ತವ್ಳಿಗೆ."

ಮಣಿಮೇಗಲೈ ಚಪ್ಪಲಿ ಬಿಡುತ್ತಾ ಅದೇ ಮಾತಿನಲ್ಲಿ ಹೇಳಿದರು. "ಹೇಳಕ್ಕೆ ಬರ್ಲಿಲ್ಲ ಅಕ್ಕ, ಕೇಳಕ್ಕೆ ಬಂದೆ. ನನ್ನೂರು ಗೂಡಲೂರು. ನಮ್ಮನೇಲೂ ಇದೇ ಮಾತು."

ಆಂಡಾಳ್ ನಾಲಿಗೆ ಕಚ್ಚಿಕೊಂಡರು. ಮೂಕಯ್ಯನವರಿಗೆ ಆ ಸಿಟ್ಟಿನಲ್ಲೂ ನಗು ಬಂತು.

ನರ್ಸಮ್ಮ ಸೋಪು ಹಾಕಿ ಕೈ ತೊಳೆದರು. ಕೂಸನ್ನು ಕಿಟಕಿಯ ಬೆಳಕಿಗೆ ಮಲಗಿಸಿ, ಚರ್ಮದ ಮಡಿಕೆ ಬಿಡಿಸಿ ನೋಡಿದರು. ಮುಖ ಗಂಭೀರವಾಯಿತು. "ಇದು ಬರೀ ಒದ್ದೆಗೆ ಬಂದ ಕೆಂಪಲ್ಲ. ಸುತ್ತ ಚುಕ್ಕಿ ಚುಕ್ಕಿ ಎದ್ದಾವೆ. ಏನ್ ಹಚ್ಚಿದ್ರಿ?"

ಕೊಬ್ಬರಿ ಎಣ್ಣೆ, ಅರಿಶಿನ, ಅದರ ಮೇಲೆ ಪೌಡರ್. ಬಾಲಮುರುಗನ್ ಮೆಡಿಕಲ್ ಶಾಪಿನಿಂದ ತಂದ ಒಂದು ಟ್ಯೂಬ್ ಬೇರೆ. ನರ್ಸಮ್ಮ ಟ್ಯೂಬನ್ನು ಓದಿ ಪಕ್ಕಕ್ಕಿಟ್ಟರು. "ಇದು ದೊಡ್ಡವ್ರ ತುರಿಕೆಗೆ ಹಾಕೋದು. ಡಾಕ್ಟರ್ ಹೇಳ್ದೆ ಕೂಸಿಗೆ ಹಾಕ್ಬಾರ್ದು. ಪೌಡರೂ ಬೇಡ, ಅದು ಕೂಸಿನ ಉಸಿರಿಗೆ ಹೋಗ್ತದೆ. ಈಗ್ಲೇ ಹೊರಡಿ, ಡಾಕ್ಟರ್ ನೋಡ್ಲಿ."

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ನೋಡಿ, ಒದ್ದೆಯಲ್ಲಿ ಬೆಳೆಯುವ ಬೂಷ್ಟಿನ ಸೋಂಕು ಎಂದರು. ಬೇರೆ ಕ್ರೀಮ್ ಕೊಟ್ಟರು. ಐದು ದಿನ ಬಿಟ್ಟು ತೋರಿಸಿ, ಜ್ವರ ಬಂದರೆ ಅಥವಾ ಕೀವು ಕಂಡರೆ ಆ ಕ್ಷಣವೇ ಬನ್ನಿ ಎಂದರು.

ಹೊರಗಿನ ಬೆಂಚಿನ ಮೇಲೆ ಯುವಶ್ರೀ ಸೆರಗಲ್ಲಿ ಮುಖ ಮುಚ್ಚಿಕೊಂಡಳು. "ನಾಳೆಯಿಂದ ನಾನು ಕೆಲ್ಸಕ್ಕೆ ಹೋಗಲ್ಲ ನರ್ಸಮ್ಮ. ನಾನು ಮನೇಲಿದ್ದಿದ್ರೆ ಇದು ಆಗ್ತಿರ್ಲಿಲ್ಲ."

"ಅವಸರ ಪಡ್ಬೇಡ ತಾಯಿ," ಎಂದರು ಮಣಿಮೇಗಲೈ. "ಎಲ್ಲಿ ತಪ್ಪಿದೆ ಅಂತ ಮೊದ್ಲು ನೋಡೋಣ. ನಾಳೆ ಸಾಯಂಕಾಲ ಬರ್ತೀನಿ. ಒಗೆದ ಬಟ್ಟೆ ಒಂದನ್ನೂ ಎತ್ತಿಡ್ಬೇಡಿ. ಹಂಗೇ ಇರ್ಲಿ."

ಹೇಳಿದಂತೆ ಬಂದರು. ಬಂದವರೇ ಹಿತ್ತಲಿಗೆ ಹೋದರು. ಮಳೆಗೆ ಹೆದರಿ ಬಟ್ಟೆಗಳನ್ನು ಕೊಟ್ಟಿಗೆಯ ಸೂರಿನ ಕೆಳಗೆ ಹರವಿದ್ದರು. ಎಲ್ಲವೂ ಯುವಶ್ರೀಯ ತಾಯಿ ಕೊಟ್ಟ ಹಳೆಯ ಚಿನ್ನಾಳಪಟ್ಟಿ ನೂಲಿನ ಸೀರೆಯವು. ಉಟ್ಟು ಉಟ್ಟು ಬೆಣ್ಣೆಯಂತಾಗಿದ್ದವು. ನರ್ಸಮ್ಮ ಒಂದನ್ನು ಕೆನ್ನೆಗೆ ಒತ್ತಿ ನೋಡಿದರು. "ಬಟ್ಟೆ ಎಷ್ಟು ಮೆತ್ತಗಿದೆ! ಆದ್ರೆ ಒಣಗಿಲ್ಲ. ವಾಸ್ನೆ ನೋಡು ಯುವಶ್ರೀ."

ಯುವಶ್ರೀ ಮೂಸಿದಳು. ನೆಲ ಒರೆಸುವ ಔಷಧಿಯ ಘಾಟು.

"ಒಂದು ಚೊಂಬು ನೀರು ಕೊಡು." ಚೊಂಬಿನ ನೀರಿಗೆ ಆ ಬಟ್ಟೆಯನ್ನು ಅದ್ದಿ ನಾಲ್ಕು ಸಲ ಹಿಚುಕಿದರು. ನೀರಿನ ಮೇಲೆ ಬೆಳ್ಳಗೆ ನೊರೆ ಎದ್ದಿತು. ಎಲ್ಲರೂ ಬಗ್ಗಿ ನೋಡಿದರು. ಒಗೆದು ಹರವಿದ ಬಟ್ಟೆಯಲ್ಲಿ ಇಷ್ಟು ಸೋಪು!

"ಈ ಸೋಪು, ಈ ಔಷಧಿ, ಮೇಲೆ ಉಚ್ಚೆ. ಎಲ್ಲ ಸೇರಿ ಕೂಸಿನ ಮೈ ಸುಟ್ಟಿದೆ. ಯಾರು ಒಗೆದದ್ದು?"

ಆಂಡಾಳ್ ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಕೊಂಡರು. ಅದನ್ನು ನರ್ಸಮ್ಮ ನೋಡಿದರು.

"ಅಕ್ಕ, ಕೈ ತೋರ್ಸಿ."

"ಏನಿಲ್ಲ ಬಿಡಮ್ಮ."

"ತೋರ್ಸಿ ಅಕ್ಕ. ಮುಷ್ಟಿ ಕಟ್ಟಿ ನೋಡೋಣ."

ಆಂಡಾಳ್ ಕೈ ಹೊರಗೆ ತೆಗೆದರು. ಗೆಣ್ಣುಗಳು ಊದಿದ್ದವು. ಬೆರಳು ಅರ್ಧಕ್ಕೆ ಮಡಚಿ ನಿಂತವು. ಒದ್ದೆ ಬಟ್ಟೆ ಹಿಂಡುವುದಿರಲಿ, ಒಂದು ಸೌಟು ಗಟ್ಟಿಯಾಗಿ ಹಿಡಿಯುವುದೂ ಆ ಕೈಗೆ ಕಷ್ಟ.

"ಎಷ್ಟು ದಿನ ಆಯ್ತು?"

"ಎರಡು ವರ್ಷ." ಆಂಡಾಳ್ ದನಿ ಸಣ್ಣಗಾಯಿತು. "ಹಿಂಡಕ್ಕಾಗಲ್ಲ. ನೀರಲ್ಲಿ ಜಾಲಿಸಿ ಅಲಸಕ್ಕಾಗಲ್ಲ. ಅದಕ್ಕೇ ಡೈಪರ್ ಹಾಕ್ತಿದ್ದೆ. ಬಟ್ಟೆ ಕಟ್ಟಿ ಅಂದ್ಮೇಲೆ, ಕೊಳೆ ಸರಿಯಾಗಿ ಹೋಗಿರಲ್ಲ ಅಂತ ಔಷಧಿ ಜಾಸ್ತಿ ಹುಯ್ದೆ. ಕೂಸಿಗೆ ಒಳ್ಳೇದಾಗ್ಲಿ ಅಂತಲೇ ಹುಯ್ದೆ."

"ನನ್ ಹತ್ರ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಅತ್ತೆ?" ಎಂದಳು ಯುವಶ್ರೀ.

"ಹೇಳಿದ್ರೆ ನೀನು ವೇಲೆ ಬಿಡ್ತಿದ್ದೆ, ಕೆಲ್ಸಕ್ಕೇ ಹೋಗ್ತಿರ್ಲಿಲ್ಲ. ಹೊಲಿಗೆ ಅಂದ್ರೆ ನಿನಗೆ ಪ್ರಾಣ. ಅದು ನನಗೆ ಗೊತ್ತಿಲ್ವಾ?"

ಯುವಶ್ರೀ ಅಲ್ಲೇ ಕಲ್ಲಿನ ಮೇಲೆ ಕೂತಳು. ಅತ್ತೆಯ ಊದಿದ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಒಂದು ತಿಂಗಳಿಂದ ಎಷ್ಟು ಮಾತು ಆಡಿದ್ದಳೋ ಎಲ್ಲ ನೆನಪಾದವು. "ಮನ್ನಿಸಿ ಅತ್ತೆ," ಎಂದಳು.

"ಈ ಕೈಗೂ ಮದ್ದಿದೆ ಅಕ್ಕ, ಅದನ್ನೂ ಡಾಕ್ಟರಿಗೆ ತೋರ್ಸೋಣ," ಎಂದರು ಮಣಿಮೇಗಲೈ. "ಈಗ ಹೇಳಿ, ಜೀವಾಳ ಬಟ್ಟೆ ಯಾರು ಒಗೀತೀರಿ?"

"ನಾನು ಎಮ್ಮೆ ತೊಳೀತೀನಿ. ಮೊಮ್ಮಗಳ ಬಟ್ಟೆ ತೊಳೆಯಕ್ಕಾಗಲ್ವಾ?" ಎಂದರು ಮೂಕಯ್ಯ.

"ನೀನಿರಪ್ಪ." ಬಾಲಮುರುಗನ್ ಮುಂದೆ ಬಂದ. "ಕಾಲುವೆಗೆ ಎಸ್ದವ್ನು ನಾನು. ಬೆಳಿಗ್ಗೆ ಲೋಡಿಗೆ ಹೋಗೋ ಮುಂಚೆ ನಾನೇ ಒಗೀತೀನಿ."

ಆಂಡಾಳ್‌ಗೆ ಇನ್ನೂ ಒಂದು ಅನುಮಾನ. "ಅದೆಲ್ಲ ಸರಿ. ಕಡೇಗೆ ಯಾವ್ದು ಒಳ್ಳೇದು? ಬಟ್ಟೆಯಾ, ಡೈಪರಾ? ಒಂದು ಹೇಳ್ಬಿಡು."

"ಯಾವ್ದಾದ್ರೂ ಆಗ್ಲಿ ಅಕ್ಕ, ಕೂಸು ಒದ್ದೇಲಿ ಇರ್ಬಾರ್ದು. ಮನೇಲಿ ಒಗೆಯೋ ಕೈ ಇದೆ, ಹರವಕ್ಕೆ ಹಿತ್ತಲಿದೆ, ಇಷ್ಟು ಮೆತ್ತನೆ ನೂಲು ಬಟ್ಟೆ ಇದೆ. ಬಟ್ಟೆ ಕಟ್ಟಿ. ಒದ್ದೆಯಾದ ಕೂಡ್ಲೇ ಬಿಚ್ಚಿ. ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕ್ಬೇಡಿ. ಕಕ್ಕನ ಕಕ್ಕಸಿಗೆ ಹಾಕಿ, ಸಾಧಾರಣ ಸೋಪಲ್ಲಿ ಒಗೆದು, ನೊರೆ ಹೋಗೋ ತನಕ ಅಲಸಿ. ಔಷಧಿ ಬೇಡ. ಬಿಸಿಲಿಗೆ ಹರವಿ. ಮಳೆಗಾಲ ಅಂದ್ರೆ ಇಸ್ತ್ರಿ ಹಾಕಿ ಒಣಗ್ಸಿ."

"ಒಣಗದಿದ್ರೆ? ಬಸ್ಸಲ್ಲಿ ಊರಿಗೆ ಹೋಗ್ಬೇಕಂದ್ರೆ?" ಯುವಶ್ರೀ ಕೇಳಿದಳು.

"ಆವಾಗ ಡೈಪರ್ ಹಾಕು. ತಪ್ಪಿಲ್ಲ. ಆದ್ರೆ ಪಾಕೀಟಲ್ಲಿ ಹನ್ನೆರಡು ಗಂಟೆ ಅಂತಿದ್ರೂ ಎರಡು ಮೂರು ಗಂಟೆಗೊಂದ್ಸಲ ಬದಲಿಸ್ಬೇಕು. ಕಕ್ಕ ಮಾಡಿದ್ರೆ ಆ ಗಳಿಗೇಲೇ. ಬರೀ ನೀರಲ್ಲಿ ತೊಳಿ. ಹೆಣ್ಣುಕೂಸು, ಮುಂದಿಂದ ಹಿಂದಕ್ಕೆ ಒರ್ಸು. ಸ್ವಲ್ಪ ಹೊತ್ತು ಹಂಗೇ ಗಾಳಿಗೆ ಬಿಡು. ಆಮೇಲೆ ನಿನ್ನ ಕೈ ಸೋಪಲ್ಲಿ ತೊಳಿ."

"ಬಿಚ್ಚಿದ ಡೈಪರ್ ಏನ್ ಮಾಡೋದು? ಸುಟ್ಬಿಡ್ಲಾ?" ಬಾಲಮುರುಗನ್ ಕೇಳಿದ.

"ಸುಡ್ಬೇಡ, ಅದರ ಹೊಗೆ ಒಳ್ಳೇದಲ್ಲ. ಕಾಲುವೆಗೂ ಬೇಡ, ಕಕ್ಕಸಿಗೂ ಬೇಡ. ಪೇಪರಲ್ಲಿ ಸುತ್ತಿ, ಗುರುತು ಹಾಕಿ, ಕಸ ಎತ್ತಕ್ಕೆ ಬರೋ ಪಾಂಡೀಶ್ವರಿ ಕೈಗೆ ಬೇರೆಯಾಗಿ ಕೊಡು."

ಮರುದಿನದಿಂದಲೇ ಬಾಲಮುರುಗನ್ ಹಿತ್ತಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಬೇಲಿಯಾಚೆಯಿಂದ ಗೆಳೆಯ ಶರವಣನ್ ನಕ್ಕ. "ಏನಪ್ಪ, ಲಂಗೋಟಿ ಒಗೆಯೋ ವೇಲೆ ಸಿಕ್ತಾ?"

"ನನ್ನ ಮಗಳದು ಕಣೋ," ಎಂದು ಹೇಳಿ ಬಾಲಮುರುಗನ್ ಮೂರನೆಯ ಬಾರಿ ನೀರು ಬದಲಿಸಿದ.

ಮೊದಲ ವಾರ ಸುಲಭವಾಗಿರಲಿಲ್ಲ. ಎರಡು ದಿನ ಬಿಸಿಲೇ ಬರಲಿಲ್ಲ, ಇಸ್ತ್ರಿ ಹಾಕಬೇಕೆಂದರೆ ಕರೆಂಟು ಹೋಗಿತ್ತು. ಆ ಎರಡು ದಿನ ಡೈಪರ್ ಹಾಕಿದರು. ಆಂಡಾಳ್ ಗಡಿಯಾರ ನೋಡಿ ನೋಡಿ ಬಿಚ್ಚಿದರು. ಪೇಪರ್ ಸುತ್ತಿ ಕೆಂಪು ಗುರುತು ಹಾಕಿದ ಪೊಟ್ಟಣವನ್ನು ಯುವಶ್ರೀ ಕೊಟ್ಟಾಗ ಪಾಂಡೀಶ್ವರಿ ಅದನ್ನು ತಿರುಗಿಸಿ ನೋಡಿದಳು.

"ಎಲ್ರೂ ಕಸದೊಳಗೆ ಸೇರ್ಸಿ ಹಾಕ್ತಾರೆ ಅಕ್ಕ. ಬಿಡ್ಸಿ ಬೇರೆ ಮಾಡೋದು ನನ್ನ ಕೈಯೇ. ಈ ಬೀದೀಲಿ ಹಿಂಗೆ ಕೊಟ್ಟವ್ರು ನೀವೇ ಮೊದ್ಲು. ನಿಮ್ಮ ಕೂಸು ಚೆನ್ನಾಗಿರ್ಲಿ."

ಐದನೆಯ ದಿನ ಕೆಂಪು ಬಾಡಿತ್ತು. ಹನ್ನೊಂದನೆಯ ದಿನ ಚರ್ಮ ಹೊಸದಾಗಿ ಬಂದಿತ್ತು. ಅವತ್ತು ಜೀವಾ ಉಚ್ಚೆ ಹೊಯ್ದು ಅಳಲಿಲ್ಲ. ಕಾಲು ಎತ್ತಿ ಹೆಬ್ಬೆರಳು ಬಾಯಿಗೆ ಹಾಕಿಕೊಂಡು ಅಜ್ಜಿಯನ್ನು ನೋಡಿ ನಕ್ಕಳು. ಆಂಡಾಳ್ ಕಣ್ಣೊರೆಸಿಕೊಂಡರು. "ನನ್ನ ಕಣ್ಣೇ, ನಗು, ನಗು," ಎಂದರು.

ತಿಂಗಳ ಕೊನೆಗೆ ಊರಿನ ಹೆಂಗಸರ ಸಂಘದ ಕೂಟದಲ್ಲಿ ಮಣಿಮೇಗಲೈ ಈ ವಿಷಯ ಹೇಳಲು ಯುವಶ್ರೀಯನ್ನು ಎಬ್ಬಿಸಿದರು. ತಮಿಳು ಮನೆಯಲ್ಲಿ ಬೆಳೆದ ಅವಳಿಗೆ ಅತ್ತೆಯ ಮನೆಯ ಕನ್ನಡ ಅರ್ಥವಾದಷ್ಟು ಆಡಲು ಬರುತ್ತಿರಲಿಲ್ಲ; ಮನೆಯಲ್ಲಿ ತಮಿಳಿನಲ್ಲೇ ಮಾತಾಡುತ್ತಿದ್ದಳು. ಆದರೂ ಅವತ್ತು, ಅತ್ತೆ ಎದುರಿಗೆ ಕೂತಿದ್ದರಿಂದ, ತಡವರಿಸುತ್ತಾ ಅದರಲ್ಲೇ ಹೇಳಿದಳು.

"ನರ್ಸಮ್ಮ ಮನೆ ತನಕ ನಡೆದು ಬಂದ್ರು. ಅವರಿಗೆ ನನ್ನ ನಮಸ್ಕಾರ. ಮಾವ ಬೈದ್ರೂ ಕೈ ಬಿಡ್ಲಿಲ್ಲ. ಜೀವಾಳ ಅಪ್ಪ ಇವತ್ತೂ ಬಟ್ಟೆ ಒಗೆದು ಹರವಿ ಹೋಗಿದ್ದಾರೆ. ನಮ್ಮತ್ತೆ..." ಅವಳು ಅತ್ತೆಯ ಕಡೆ ತಿರುಗಿದಳು. "ನಮ್ಮತ್ತೆ ಕೈ ನೋವು ಮುಚ್ಚಿಟ್ಟು ನನ್ನ ಕೆಲ್ಸ ಉಳ್ಸಿದ್ರು. ನಾನು ಡೈಪರ್ ನೋಡ್ದೆ, ಬಟ್ಟೆ ನೋಡ್ದೆ. ಆ ಕೈ ನೋಡ್ಲಿಲ್ಲ."

ಆಂಡಾಳ್ ತಲೆ ಬಗ್ಗಿಸಿ, "ಸಾಕು ಕೂತ್ಕೋ ತಾಯಿ," ಎಂದರು. ಆದರೆ ಮುಖ ತುಂಬ ನಗು ಇತ್ತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲಿ ಕೂಸಿದ್ದರೆ ಈಗಲೇ ಒಮ್ಮೆ ಬಿಚ್ಚಿ ನೋಡಿ. ಕಟ್ಟಿರುವುದು ಬಟ್ಟೆಯಾಗಲಿ, ಡೈಪರಾಗಲಿ, ಒದ್ದೆಯಾಗಿದ್ದರೆ ಬದಲಿಸಿ. ಕೆಂಪು ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಹರಡಿದರೆ, ಕೀವು ಅಥವಾ ಜ್ವರ ಬಂದರೆ, ನಿಮಗೆ ತೋಚಿದ್ದನ್ನು ಹಚ್ಚದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಳಸಿದ ಡೈಪರನ್ನು ಸುತ್ತಿ, ಗುರುತು ಹಾಕಿ, ಬೇರೆಯಾಗಿ ಕೊಡಿ. ಅದನ್ನು ಎತ್ತುವುದು ಇನ್ನೊಬ್ಬರ ಕೈ ಎಂದು ನೆನಪಿಡಿ.

ಇಷ್ಟು ದಿನ ನಿಮ್ಮ ಕೂಸಿನ ಬಟ್ಟೆ ಒಗೆದವರು ಯಾರು? ಅವರಿಗೆ ಇವತ್ತು ಒಂದು ಒಳ್ಳೆಯ ಮಾತು ಹೇಳಿ. ನಾಳೆಯ ಬಟ್ಟೆಯನ್ನು ನೀವು ಒಗೆಯಿರಿ.